ನೂರೆಂಟು ಸುತ್ತು ಮೂರಕ್ಕೆ ಇಳಿದದ್ದು

ಕಳೆದ ಬೇಸಿಗೆಯಲ್ಲಿ ನನ್ನ ಬಲಗಾಲಿನ ಹೆಬ್ಬೆರಳು ಹೋಗುವುದರಲ್ಲಿತ್ತು. ಅದಕ್ಕೆ ಅರ್ಧ ಕಾರಣ ನನ್ನ ಭಕ್ತಿಯೇ ಎಂದು ಮೊದಲೇ ಒಪ್ಪಿಕೊಂಡು, ಈ ಅನುಭವವನ್ನು ನಿಮ್ಮ ಮುಂದಿಡುತ್ತಿದ್ದೇನೆ.

ನನಗೆ ಐವತ್ತೆರಡು ವರ್ಷ. ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ, ಹುಟ್ಟಿದಾಗಿನಿಂದ ಚಿಂತೆಯ ಕಾಯಿಲೆ. ಚಿಂತಿಸಲು ಏನೂ ಇಲ್ಲದ ದಿನ, ಏನನ್ನೋ ಮರೆತಿದ್ದೇನೆಂದು ಎದೆ ಹೊಡೆದುಕೊಳ್ಳುತ್ತದೆ. ಯುಗಾದಿಯ ಮರುವಾರ ರಕ್ತಪರೀಕ್ಷೆಯ ವರದಿ ನೋಡಿ ಹೆದರಿ, ತ್ಯಾಗರಾಜನಗರದ ನಮ್ಮ ಬೀದಿಯ ಆಂಜನೇಯನಿಗೆ ಹರಕೆ ಹೊತ್ತೆ: ಸಕ್ಕರೆ ಇಳಿಸಪ್ಪ, ನಲವತ್ತೆಂಟು ದಿನ, ದಿನಕ್ಕೆ ನೂರೆಂಟು ಪ್ರದಕ್ಷಿಣೆ ಹಾಕುತ್ತೇನೆ. ಅದುವರೆಗೆ ನಾನು ನಡೆಯುತ್ತಿದ್ದದ್ದು ಗೇಟಿನಿಂದ ಆಟೋವರೆಗೆ.

"ಹನ್ನೊಂದರಿಂದ ಶುರು ಮಾಡೇ," ಅಂದರು ಯಜಮಾನರು.

"ಹನ್ನೊಂದು ಅಂದ್ರೆ ಕಂಜೂಸಿ ಅನ್ಕೋತಾನೆ ಸ್ವಾಮಿ."

ಮನೆಗೆಲಸ ಮುಗಿಸಿ ಗುಡಿ ಸೇರುವಷ್ಟರಲ್ಲಿ ಕಲ್ಲು ಕಾದಿರುತ್ತಿತ್ತು. ಉಳಿದವರು ಹೆಜ್ಜೆ ಎತ್ತೆತ್ತಿ ಓಡುತ್ತಿದ್ದರು. ನನಗೆ ಮಾತ್ರ ಸುಡಲಿಲ್ಲ. ಅದು ಕೃಪೆಯೆಂದೇ ನಂಬಿ ಒಳಗೊಳಗೇ ಬೀಗಿದೆ. ಕೊನೆಗೆ ದೊನ್ನೆ ತುಂಬ ಸಿಹಿ ಪೊಂಗಲ್ ಬೇರೆ. ಪ್ರಸಾದ ಬೇಡವೆನ್ನಲಾದೀತೇ?

ಹನ್ನೆರಡನೆಯ ದಿನ ಬೆಳಿಗ್ಗೆ ನಡುಮನೆಯ ನೆಲದ ಮೇಲೆ ಕೆಂಪು ಗುರುತುಗಳಿದ್ದವು. ಹಿಂಬಾಲಿಸಿದರೆ ನನ್ನ ಕಾಲಿಗೇ ಬಂದವು.

ಜಯನಗರದ ಆಸ್ಪತ್ರೆಯಲ್ಲಿ ಡಾಕ್ಟರು ಪಾದದ ಮೇಲೆ ಬಗ್ಗಿದ್ದರು. "ಯಾವಾಗ ಮುಟ್ತೀರಾ ಸಾರ್?" ಎಂದು ಕೇಳಿದೆ. ಅವರು ತಲೆಯೆತ್ತಿದರು.

"ಆಗಲೇ ನಾಲ್ಕು ಕಡೆ ಚುಚ್ಚಿದೆ ಮೇಡಂ. ನಿಮ್ಮ ಕಾಲಿಗೆ ಸ್ಪರ್ಶಾನೇ ಇಲ್ಲ, ಸುಟ್ಟಿದ್ದು ಗೊತ್ತಾಗಿಲ್ಲ. ಇನ್ನು ಬರಿಗಾಲಲ್ಲಿ ಒಂದು ಹೆಜ್ಜೆ ಇಡಬೇಡಿ. ಹದಿನೈದು ದಿನ ನೋಡೋಣ. ಕಪ್ಪಾದ್ರೆ ಬೆರಳು ತೆಗೀಬೇಕಾಗುತ್ತೆ."

"ಇನ್ನೂ ಮೂವತ್ತೇಳು ದಿನ ಹರಕೆ ಬಾಕಿ ಇದೆಯಲ್ಲ."

"ದೇವರು ಕಾಯ್ತಾನೆ ಮೇಡಂ. ಬೆರಳು ಕಾಯಲ್ಲ."

ಬಸ್ಸಿನಲ್ಲಿ ಅಳುತ್ತಾ ಕೂತು ಸ್ಟಾಪ್ ದಾಟಿಹೋದದ್ದೂ ತಿಳಿಯಲಿಲ್ಲ. ಬೆರಳೂ ಹೋಗುತ್ತದೆ, ಹರಕೆಯೂ ಮುರಿಯಿತು; ಉಳಿದರೂ ಮತ್ತೆ ಒಂದರಿಂದ ಎಣಿಸಬೇಕು.

ಮರುದಿನ ಪಟ್ಟಿ ಕಟ್ಟಿದ ಕಾಲಿಗೆ ಚಪ್ಪಲಿ ಹಾಕಿಕೊಂಡು ಗುಡಿಯ ಗೇಟಿನಾಚೆ ನಿಂತೆ. ವಯಸ್ಸಾದ ಅರ್ಚಕರು ತಾವೇ ಹೊರಗೆ ಬಂದರು.

"ಯಾಕಮ್ಮಾ, ಬೀದೀಲಿ ನಿಂತಿದೀರ?"

ಎಲ್ಲ ಹೇಳಿದೆ. ಅವರು ಜಗಲಿಯ ಮೇಲೆ ಕೂತು ಪಂಚೆಯ ಅಂಚನ್ನು ಸರಿಸಿದರು. ಎಡಗಾಲಿನಲ್ಲಿ ಎರಡು ಬೆರಳು ಇರಲಿಲ್ಲ.

"ನಂಗೂ ಕಲ್ಲು ಸುಡ್ಲಿಲ್ಲಮ್ಮ. ನಾನೂ ಕೃಪೆ ಅಂದ್ಕೊಂಡೆ. ಹೇಳೋರು ಯಾರೂ ಇರ್ಲಿಲ್ಲ."

ಇಪ್ಪತ್ತು ವರ್ಷ ಅವರ ಕೈಯಿಂದ ತೀರ್ಥ ತೆಗೆದುಕೊಂಡಿದ್ದೆ. ಒಮ್ಮೆಯೂ ಅವರ ಕಾಲು ನೋಡಿರಲಿಲ್ಲ.

"ಹರಕೆ ಏನ್ಮಾಡ್ಲಿ?"

"ಬಿಡಬೇಡಿ, ಇಳಿಸ್ಕೊಳ್ಳಿ. ಮನೇಲಿ ಚಪ್ಪಲಿ ಹಾಕ್ಕೊಂಡೇ ಓಡಾಡಿ. ದೀಪ ಹಚ್ಚಿ, ಚಾಪೆ ಮೇಲೆ ನಿಂತಲ್ಲೇ ಮೂರು ಆತ್ಮಪ್ರದಕ್ಷಿಣೆ. ಆಮೇಲೆ ಕೂತು ಕನ್ನಡೀಲಿ ಎರಡೂ ಅಂಗಾಲು ನೋಡ್ಕೊಳ್ಳಿ. ಅದೂ ಪೂಜೇನೇ. ಒಂದಿನ ತಪ್ಪಿದ್ರೆ ಮಾರನೇ ದಿನ ಮಾಡಿ. ಮತ್ತೆ ಒಂದರಿಂದ ಎಣಿಸ್ಬೇಡಿ."

"ಪೊಂಗಲ್ಲು?"

"ಕಣ್ಣಿಗೊತ್ಕೊಂಡು ಯಜಮಾನ್ರಿಗೆ ಕೊಡಿ."

ಹಾಗೆಯೇ ಮಾಡಿದೆ. ಕುಂಕುಮ ಇಟ್ಟುಕೊಳ್ಳುವ ಕನ್ನಡಿ ಅಂಗಾಲಿಗೆ ಇಳಿಯಿತು. ನಡುವೆ ಒಂದು ಮದುವೆಯ ಗಲಾಟೆಯಲ್ಲಿ ಎರಡು ದಿನ ತಪ್ಪಿತು. ಆಕಾಶ ಬೀಳಲಿಲ್ಲ, ಮೂರನೆಯ ದಿನ ಮುಂದುವರಿಸಿದೆ. ಹದಿನೈದನೆಯ ದಿನ ಡಾಕ್ಟರು ಪಟ್ಟಿ ಬಿಚ್ಚುವಾಗ ನಾನು ಕಣ್ಣು ಮುಚ್ಚಿದ್ದೆ.

"ನೋಡಿ ಮೇಡಂ, ಹೊಸ ಚರ್ಮ. ಬೆರಳು ಉಳೀತು."

ನಲವತ್ತೆಂಟು ದಿನ ಮುಗಿದು ತಿಂಗಳುಗಳಾದವು. ಕನ್ನಡಿ ಮಾತ್ರ ನಿಂತಿಲ್ಲ. ಸಕ್ಕರೆ ಹಟಮಾರಿ, ನನ್ನ ಹಾಗೇ, ಮೆಲ್ಲಗೆ ಇಳಿಯುತ್ತಿದೆ. ಸ್ವಾಮಿ ನನ್ನ ಕೈ ಬಿಡಲಿಲ್ಲ. ನಾನು ಕೇಳಿದ ದಾರಿಯಲ್ಲಿ ಬರದೆ, ಎರಡು ಬೆರಳಿಲ್ಲದ ಕಾಲಿನಲ್ಲಿ ನಡೆದು ಗೇಟಿನವರೆಗೆ ಬಂದ. ಇದನ್ನು ಯಾರು ಏನೆಂದರೂ ನಾನು ನಂಬುತ್ತೇನೆ.

ಈಗ ಶನಿವಾರ ತಂಪು ಹೊತ್ತಿನಲ್ಲಿ, ಡಾಕ್ಟರು ಒಪ್ಪಿದ ದಪ್ಪ ಕಾಲುಚೀಲ ಹಾಕಿಕೊಂಡು ಗುಡಿಗೆ ಹೋಗುತ್ತೇನೆ. ತೀರ್ಥ ಕೊಡುವ ಮುನ್ನ ಅರ್ಚಕರು ನನ್ನ ಕಾಲು ನೋಡುತ್ತಾರೆ. ನಾನು ಅವರ ಕಾಲು ನೋಡುತ್ತೇನೆ. ಆಮೇಲೆ ಇಬ್ಬರೂ ಸ್ವಾಮಿಯತ್ತ ತಿರುಗುತ್ತೇವೆ.