ದೇವಸಮುದ್ರದ ಬಸ್ ಬರ್ಲಿ

ಚಳ್ಳಕೆರೆಯ ಶಾಪಿಂಗ್ ಕಾಂಪ್ಲೆಕ್ಸಿನಲ್ಲಿದ್ದ ಟಾಕೀಸಿನ ಗೇಟ್‌ಕೀಪರ್ ಮಹಾ ಸಿಡುಕ. ಮ್ಯಾಟಿನಿಗೆ ಬಂದವರು ಎಷ್ಟೇ ಕೂಗಾಡಲಿ, ಹಗಲಲ್ಲೂ ಟಾರ್ಚು ಹಿಡಿದುಕೊಂಡೇ ರಸ್ತೆ ನೋಡುತ್ತ, "ತಡೀರಿ, ದೇವಸಮುದ್ರದ ಬಸ್ ಬರ್ಲಿ" ಎನ್ನುತ್ತಿದ್ದ. ಆ ಹಳ್ಳಿಯಿಂದ ಕುರಿ ಮೇಯಿಸೋದು ಬಿಟ್ಟು ಬಸ್ಸಲ್ಲಿ ಬರುವವರಿಗೆ ಮೊದಲ ಹಾಡು ತಪ್ಪಬಾರದು. ಅವರು ಕೂತ ಮೇಲೆಯೇ ಆಟ ಶುರುವಾಗುತ್ತಿತ್ತು.

ಹೊಸ ಮಾಲೀಕ ಬಂದವನೇ ಬಸ್ಸಿಗೆ ಕಾಯದೆ ಸಿನಿಮಾ ಶುರು ಮಾಡಿಸಿದ. ಗೇಟ್‌ಕೀಪರ್ ಪಕ್ಕದ ಬಾಗಿಲುಗಳನ್ನೆಲ್ಲ ದಡಾರನೆ ತೆರೆದ. ಬಿಸಿಲು ನುಗ್ಗಿ ಪರದೆಯ ಮೇಲೆ ಏನೂ ಕಾಣದಾಯಿತು.

"ಅವ್ರು ಬರೋಗಂಟ ಯಾರೂ ನೋಡಂಗಿಲ್ಲ!"

ಅವತ್ತೇ ಅವನನ್ನು ಕೆಲಸದಿಂದ ಕಿತ್ತುಹಾಕಿದರು.

ಮೊನ್ನೆ ಟಾಕೀಸಿಗೆ ಬೀಗ ಜಡಿದ ಅದೇ ಮಾಲೀಕ ನನ್ನೆದುರು ನಿಟ್ಟುಸಿರುಬಿಟ್ಟ. "ಹಳ್ಳಿ ಜನ ಸಿನಿಮಾಕ್ಕೆ ಬರೋದೇ ಬಿಟ್ರು ನೋಡ್ರಿ."

ಅದೇ ಬಸ್ಸಿನಲ್ಲಿ ಬಂದು ಸಿನಿಮಾ ನೋಡುತ್ತಿದ್ದ ನನಗೆ ಮೈಯೆಲ್ಲ ಉರಿದುಹೋಯಿತು.

"ಒಂದಿನಾನಾದ್ರೂ ಆ ಬಸ್ಸಿಗೆ ಕಾದಿದ್ಯೇನಲೇ ನೀನು?"