ನಿಂತ ಪಂಪಿಗೆ ಜ್ವರ

ಮಾರಿಕಣಿವೆಯ ಹಿನ್ನೀರಿನಿಂದ ಹೊಸದುರ್ಗದ ಕಡೆಯ ಹಳ್ಳಿಗಳಿಗೆ ನೀರೆತ್ತುವ ಒಂದು ಪಂಪ್‌ಹೌಸಿನಲ್ಲಿ ನಾನು ಎಂಜಿನಿಯರ್. ಅಲ್ಲಿನ ಎರಡು ಪಂಪುಗಳಿಗೂ ಕಂಪ್ಯೂಟರಿನೊಳಗೆ ಒಂದೊಂದು ತದ್ರೂಪಿ ಅವಳಿ ಇದೆ. ಪಂಪಿನ ಮೈಗೆ ಅಯಸ್ಕಾಂತದಿಂದ ಅಂಟಿಸಿದ ಸೆನ್ಸರು ಅದರ ನಡುಕ, ಬಿಸಿಯನ್ನೆಲ್ಲ ಕಳಿಸುತ್ತದೆ. ಪರದೆಯ ಮೇಲಿನ ಅವಳಿ ಅದನ್ನು ನೋಡಿ ಯಾವ ಭಾಗ ಯಾವಾಗ ಕೈಕೊಡಬಹುದೆಂದು ಮೊದಲೇ ಹೇಳುತ್ತದೆ. ಹೇಳಬೇಕು, ಅನ್ನಿ. ಮೊದಲ ಸಲ ಅದು ಕೂಗಿಕೊಂಡಾಗ ಪಂಪು ಬಿಚ್ಚಿಸಿದೆ, ಒಳಗೆ ಏನೂ ಇರಲಿಲ್ಲ.

"ಇನ್ನೊಂದ್ಸಲ ಸುಳ್ಳು ಹೇಳ್ಲಿ ಮೇಡಂ, ಗೋಣಿಚೀಲದಾಗೆ ಕಟ್ಟಿ ವಾಪಸ್ ಕಳಿಸಾಣ" ಅಂದರು ನಮ್ಮ ಹಿರಿಯ ಆಪರೇಟರು. ಮೇಲಿನ ಸಾಹೇಬರೂ ಹೂಂಗುಟ್ಟಿದರು. ನಾನು ಕಚೇರಿ ಕಚೇರಿ ಅಲೆದು ತರಿಸಿದ್ದ ವ್ಯವಸ್ಥೆ ಅದು. ಮೈಯೆಲ್ಲ ಉರಿಯಿತು.

ಆಯುಧಪೂಜೆ ಬಂತು. ಆ ದಿನ ನಮ್ಮಲ್ಲಿ ಸ್ಪ್ಯಾನರಿಗೂ ಸ್ನಾನ. ಪಂಪುಗಳನ್ನು ನಿಲ್ಲಿಸಿ, ತೊಳೆದು, ವಿಭೂತಿ ಬಳಿದು, ಚೆಂಡುಹೂವಿನ ಹಾರ ಹಾಕಿ, ಕುಂಬಳಕಾಯಿ ಒಡೆದು ಒಂದನೇ ಪಂಪನ್ನು ಚಾಲೂ ಮಾಡಿದೆವು. ಮಂಡಕ್ಕಿ ಹಂಚುತ್ತಿದ್ದಾಗ ಪರದೆ ಕೆಂಪಾಯಿತು. ಎರಡನೇ ಪಂಪಿನ ಬೇರಿಂಗು ಹಾಳಾಗುತ್ತಿದೆಯಂತೆ. ಎರಡನೇ ಪಂಪು ಹಾರ ಹಾಕಿಕೊಂಡು ಸುಮ್ಮನೆ ನಿಂತಿತ್ತು!

"ನಿಂತಿರೋ ಪಂಪಿಗೆ ಜ್ವರ ಬಂದೈತೆ, ಬರ್ರಿ ನೋಡ್ರಿ" ಎಂದು ಆಪರೇಟರು ಎಲ್ಲರನ್ನೂ ಕರೆದರು. ನಗೆಯೋ ನಗೆ. ನಾನು ತಟ್ಟೆ ಕುಕ್ಕಿ ಎದ್ದೆ. ನಿಂತ ಪಂಪು ನಡುಗುವುದಿಲ್ಲ. ಹಾಗಾದರೆ ಈ ನಡುಕ ಯಾರದು?

"ಅಣ್ಣಾ, ತೊಳೆಯೋವಾಗ ಸೆನ್ಸರ್ ಏನು ಮಾಡಿದ್ರಿ?"

"ನೀರು ಬಿದ್ದು ಕೆಟ್ಟಾವು ಅಂತ ಕಿತ್ತು ತಟ್ಟೆಯಾಗೆ ಇಟ್ಟಿದ್ವಿ. ಕುಂಕುಮ ಹಚ್ಚಿ ವಾಪಸ್ ಅಂಟಿಸೀವಿ."

"ಯಾವುದನ್ನ ಯಾವುದಕ್ಕೆ?"

ಕುಂಕುಮ ಒರೆಸಿ ನೋಡಿದರೆ ಸೆನ್ಸರುಗಳ ಮೇಲಿನ ಅಂಕಿ ಅದಲು ಬದಲಾಗಿತ್ತು. ಸರಿಯಾಗಿ ಅಂಟಿಸಿದೆ. ಪರದೆಯ ಕೆಂಪು ಈಗ ಒಂದನೇ ಪಂಪಿಗೆ ಬಂತು, ಓಡುತ್ತಿದ್ದ ಪಂಪಿಗೆ.

"ಪೂಜೆ ಮಾಡಿ ಚಾಲೂ ಮಾಡಿದ್ದು ಮೇಡಂ. ಇವತ್ತು ನಿಲ್ಸಿದ್ರೆ ಅಪಶಕುನ."

ನನಗೂ ಭಯವಿತ್ತು. ಈ ಸಲವೂ ಒಳಗೆ ಏನೂ ಸಿಗದಿದ್ದರೆ ನನ್ನ ಅವಳಿಗಳಿಗೆ ಗೋಣಿಚೀಲವೇ ಗತಿ. "ಪಂಪೇ ಮುರಿದು ಬಿದ್ರೆ ಶುಭಶಕುನಾನಾ?" ಎಂದು ರೇಗಿ, ನಾನೇ ಅದನ್ನು ನಿಲ್ಲಿಸಿ ಎರಡನೆಯದನ್ನು ಚಾಲೂ ಮಾಡಿಸಿದೆ. ಊರುಗಳಿಗೆ ನೀರು ಹೋಗುತ್ತಲೇ ಇತ್ತು.

ಆಪರೇಟರು ಗೊಣಗುತ್ತಲೇ ಬಿಚ್ಚಿದರು. ಬೇರಿಂಗಿನ ಗುಂಡುಗಳು ಕಾವಿಗೆ ನೀಲಿಗಟ್ಟಿದ್ದವು, ಹೊರಗಿನ ಬಳೆ ಬಿರುಕು ಬಿಟ್ಟಿತ್ತು. ನನಗೆ ಹೋದ ಜೀವ ಬಂದಂತಾಯಿತು. ಸುಳ್ಳೇಕೆ, ಗೆದ್ದೆ ಅನ್ನಿಸಿತು. ಒಂದು ಚುಚ್ಚುಮಾತು ನಾಲಿಗೆಯ ತುದಿಗೂ ಬಂದಿತ್ತು.

ಅವರು ಬೇರಿಂಗನ್ನು ಅಂಗೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಕೈ ತೊಳೆದು ಬಂದು, ಪರದೆಯ ಮುಂದೆ ಕುರ್ಚಿ ಎಳೆದುಕೊಂಡು ಕುಳಿತರು.

"ಎರಡನೇದು ಹೆಂಗೈತಂತೆ? ಅದನ್ನ ಕೇಳಿ ಹೇಳಮ್ಮ."