ಬೆರಳಿಗೆ ಹತ್ತದ ಧೂಳು

ನನ್ನ ಚಿಕ್ಕಮ್ಮನಿಗೆ ಊರಿಟ್ಟ ಹೆಸರು ಒರೆಸೋ ಚಿಕ್ಕಮ್ಮ. ಅವಳ ಮನೆಯ ಹಿಂದೆಯೇ ಕಲ್ಲುಗಣಿ, ಅದರ ಪಕ್ಕದಲ್ಲಿ ಜಲ್ಲಿ ಒಡೆಯುವ ಕ್ರಷರ್. ಬೆಳಗಾದರೆ ಸಾಕು, ಒಣಹಾಕಿದ ಬಟ್ಟೆಯ ಮೇಲೆ, ಉಣ್ಣುವ ತಟ್ಟೆಯ ಮೇಲೆ ಅದು ಬಿಳಿ ಹುಡಿ ಉಗುಳುತ್ತಿತ್ತು. ನೀರು ಕುಡಿದರೂ ಹಲ್ಲಿಗೆ ಕರಕರ. ಥೂ, ನೆನೆದರೆ ಈಗಲೂ ಬಾಯಿ ಮುಕ್ಕಳಿಸಬೇಕು ಅನ್ನಿಸುತ್ತದೆ.

ಗಣಿಯ ಸುತ್ತಲಿನ ಮೂರು ಹಳ್ಳಿಗಳ ಹೆಂಗಸರೂ ಒರೆಸುವವರೇ. ಕಿಟಕಿಯಲ್ಲಿ ಧೂಳು ಕಂಡರೆ ಮಾನ ಹೋಗುವುದು ಮನೆಯೊಡತಿಯದು, ಕ್ರಷರ್ ಮಾಲೀಕನದಲ್ಲ. ಎಂಥ ನ್ಯಾಯವೋ! ಚಿಕ್ಕಮ್ಮ ದಿನಕ್ಕೆ ಏಳು ಸಲ ಒರೆಸುತ್ತಿದ್ದಳು. ಬಕೆಟ್ಟಿನ ನೀರು ಹಿಟ್ಟು ಕದಡಿದಂತಾಗುತ್ತಿತ್ತು.

ಚಿಕ್ಕಪ್ಪ ಇಪ್ಪತ್ತು ವರ್ಷ ಅದೇ ಗಣಿಯಲ್ಲಿ ಬಂಡೆಗೆ ಕುಳಿ ಕೊರೆದವನು. ಮಲಗಿದರೆ ಉಸಿರು ಕಟ್ಟುತ್ತಿತ್ತು, ಮಂಚದ ಮೇಲೆ ಕೂತೇ ನಿದ್ದೆ. ಈ ಧೂಳು ನಿಲ್ಲದಿದ್ದರೆ ಮನುಷ್ಯ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟರು. ಬೇರೆ ಕಡೆ ಹೋಗಲು ಮನೆಯಿಲ್ಲ. ಕ್ರಷರನ್ನೇ ದೂರ ಸರಿಸಿ ಎಂದು ಅರ್ಜಿ ಬರೆದವನು ನಾನು. ವರ್ಷವಿಡೀ ಕಚೇರಿ ಅಲೆದು ಚಪ್ಪಲಿ ಸವೆದ ಮೇಲೆ, ಧೂಳು ನೋಡಲು ಒಬ್ಬ ಅಧಿಕಾರಿ ಬರುತ್ತಾನೆ ಎಂದಾಯಿತು.

ಅವತ್ತು ಕ್ರಷರ್ ನಿಲ್ಲಿಸಿ, ರಸ್ತೆಗೆಲ್ಲ ನೀರು ಹೊಡೆದಿದ್ದರು. ಅದು ಗೊತ್ತಿದ್ದದ್ದೇ. ಮನೆಯೊಳಗಿನ ಧೂಳನ್ನು ಯಾವನು ಬಚ್ಚಿಡುತ್ತಾನೆ ಎಂದು ನಾನು ಧೈರ್ಯವಾಗಿದ್ದೆ. ಮೂರು ದಿನ ಒರೆಸಬೇಡ ಎಂದು ಚಿಕ್ಕಮ್ಮನಿಗೆ ಕೈಮುಗಿದು ಹೇಳಿದ್ದೆ. ಹೂಂ ಅಂದಿದ್ದಳು.

ಹೋಗಿ ನೋಡಿದರೆ ಮನೆ ಥಳಥಳ. ಜಂತೆಯವರೆಗೂ ಒರೆಸಿದ್ದಳು.

"ಮನೆಗೆ ಬರೋರ ಮುಂದೆ ಹೊಲಸು ಇಟ್ಕೊಂಡು ಕೂತ್ಕೊಳ್ಳೋಕಾಗುತ್ತೇನೋ?" ಅಂದಳು. ನನಗೆ ಮೈಯೆಲ್ಲ ಉರಿಯಿತು.

ಅಧಿಕಾರಿ ಕಿಟಕಿಯ ಮೇಲೆ ಬೆರಳಾಡಿಸಿ, ಬೆರಳು ನೋಡಿಕೊಂಡ.

"ಇಷ್ಟು ಕ್ಲೀನಾಗಿರೋ ಮನೆ ನಾನು ನೋಡೇ ಇಲ್ಲಮ್ಮ."

ಒಳಗೆ ಚಿಕ್ಕಪ್ಪ ಕೆಮ್ಮುತ್ತಿದ್ದ. ಕೆಮ್ಮು ಆ ಸಾಹೇಬನ ಇಲಾಖೆಗೆ ಬರುವುದಿಲ್ಲವಂತೆ. ಇವಳೋ, ಹೊಗಳಿಕೆಗೆ ನಾಚಿಕೊಂಡು ನಕ್ಕಳು. ಆ ನಗು ಕಂಡು ನನಗೆ ಅಸಹ್ಯವಾಯಿತು. ಬಕೆಟ್ಟಿನ ನೀರನ್ನಾದರೂ ತೋರಿಸೋಣವೆಂದು ಹಿತ್ತಲಿಗೆ ಓಡಿದೆ. ಅದನ್ನೂ ಚೆಲ್ಲಿ, ಬಕೆಟ್ಟು ತೊಳೆದು ಬೋರಲು ಹಾಕಿದ್ದಳು. ಧೂಳು ಕಂಡುಬಂದಿಲ್ಲ ಎಂದು ಬರೆದುಕೊಂಡು ಅವನು ಜೀಪು ಹತ್ತಿದ.

ಆಮೇಲೆ ಚಿಕ್ಕಪ್ಪ ನಾಲ್ಕು ತಿಂಗಳು ಬದುಕಿದ್ದ.

ಮೊನ್ನೆ ಹೋಗಿದ್ದೆ. ಮನೆತುಂಬ ಬಿಳಿ ಹುಡಿ, ನಡೆದರೆ ಹೆಜ್ಜೆ ಮೂಡುತ್ತದೆ. ಒರೆಸುವ ಬಟ್ಟೆ ಮೂಲೆಯಲ್ಲಿ ಸೆಟೆದುಕೊಂಡು ಬಿದ್ದಿತ್ತು. ಹೇಸಿಗೆಯಾಗಿ, ಕೂರುವ ಮುಂಚೆ ಚಿಕ್ಕಪ್ಪನ ಮಂಚ ಒರೆಸೋಣವೆಂದು ಟವೆಲ್ ತೆಗೆದೆ. ಚಿಕ್ಕಮ್ಮ ಬಂದು ಕೈ ಹಿಡಿದುಕೊಂಡಳು.

"ಮುಟ್ಬೇಡ. ಆ ಸಾಹೇಬ್ರು ಇನ್ನೊಂದ್ಸಲ ಬಂದ್ರೆ ನೋಡ್ಲಿ."